ಮಾಳಿಗೆಯ ಯಂತ್ರದ ಹೆಸರಿನಲ್ಲಿ ಒಂದು ಸುಳ್ಳು

ರಾಮನಗರ, ೧೯೮೬

ಪ್ರೊಫೆಸರ್ ಶೇಷಗಿರಿಯವರ ಸನ್ನಿಧಾನಕ್ಕೆ, ಊರೂರ ರಂಗದ ಮೇಲೆ ಭೀಮಸೇನನಾಗಿ ಗದೆ ಹೊತ್ತ ಬೀರಯ್ಯನು ಮಾಡುವ ವಂದನೆಗಳು.

ತಾವು ನಮ್ಮ ಮಾಳಿಗೆಯ ಮೇಲೆ ಕೂರಿಸಿದ ಯಂತ್ರ ಕ್ಷೇಮ. ಗಾಳಿಯಲ್ಲಿ ತೇಲುವ ಹೊಗೆಯ ಕಣಗಳು ಸೂರ್ಯನ ನೇರಳಾತೀತ ಕಿರಣವನ್ನು ಎಷ್ಟು ಹೀರುತ್ತವೆಂದು ದಿನವೂ ಅಳೆಯುತ್ತಿದೆ. ಹೊಗೆಗೇನು ಬರ! ರೇಷ್ಮೆಗೆ ಬೆಲೆ ಬಂದ ಮೇಲೆ ಈ ಕೇರಿಯಲ್ಲಿ ಒಲೆ ಆರಿದ್ದನ್ನು ಕಂಡವರಿಲ್ಲ.

ನನ್ನ ಹೆಂಡತಿ ಭದ್ರಮ್ಮ ಗೂಡು ಬೇಯಿಸುವ ಒಲೆಯ ಮುಂದೆಯೇ ಕೂತು ನೂಲು ತೆಗೆಯುತ್ತಾಳೆ. ಮೊನ್ನೆ ಕೆಮ್ಮಿದಾಗ ರಕ್ತ ಕಾಣಿಸಿತು. ಮಧ್ಯಾಹ್ನವಾದರೂ ಒಲೆ ಆರಿಸಿ ಮಲಗಲಿ ಎಂದರು ಡಾಕ್ಟರು. ನಾನು ಅಬ್ಬರಿಸಿದರೆ ಕಡೆಯ ಸಾಲಿನ ಮಕ್ಕಳು ಎದ್ದು ಓಡುತ್ತವೆ. ಅದೇ ಗಂಟಲಲ್ಲಿ ಆಜ್ಞೆ ಮಾಡಿದೆ.

“ಬಣ್ಣ ಅಳಿಸ್ಕಂಡ್ ಮೇಲೂ ಗದೆ ತಿರುಗುಸ್ತೀರಲ್ಲ, ಒಸಿ ಸುಮ್ಕಿರಿ! ನಾನು ಮನೀಕಂಡ್ರೆ ಗೂಡೊಳಗಿನ ಹುಳವೂ ಮನೀಕತದಾ? ಚಿಟ್ಟೆಯಾಗಿ ತೂತು ಮಾಡ್ಬುಟ್ಟು ಹೊಂಟೋಯ್ತದೆ,” ಎಂದಳು.

ಆಮೇಲೆ ಕೈಮುಗಿದೆ. ಅದಕ್ಕೆ ನಕ್ಕಳು. ನಗುತ್ತಲೇ ಕೆಮ್ಮಿದಳು.

ಆದರೆ ತಮ್ಮ ಯಂತ್ರವೆಂದರೆ ಅವಳಿಗೆ ಭಯಭಕ್ತಿ. ತಾವು ಹೇಳಿಹೋದಂತೆ ಬೆಳಿಗ್ಗೆ ಎದ್ದು ಅದರ ಗಾಜು ಒರೆಸುತ್ತಾಳೆ. ಆದ್ದರಿಂದ, ನಮ್ಮ ಒಲೆ ಮಧ್ಯಾಹ್ನ ಉರಿದರೆ ಯಂತ್ರ ಕೆಡುತ್ತದೆಂದು ಅವಳ ಹೆಸರಿಗೆ ಒಂದು ಕಾಗದ ಬರೆದು ಮೊಹರು ಹಾಕಿ ಕಳಿಸಿ. ಅದು ಸುಳ್ಳೆಂದು ಬಲ್ಲೆ. ತಮಗೆ ಅಳೆಯಬೇಕಾಗಿರುವುದೇ ಆ ಹೊಗೆಯೆಂದೂ ಬಲ್ಲೆ. ಆದರೂ ಬರೆಯಿರಿ.

ಅವಳಿಗೆ ಓದು ಬಾರದು. ನಾನು ಓದಿದರೆ ನಾಟಕ ಎನ್ನುತ್ತಾಳೆ. ಅಂಚೆಯವನೇ ಓದಿ ಹೇಳಲಿ. ಆಗ ನಾನು ಮನೆಯಲ್ಲಿ ಇರುವುದಿಲ್ಲ.

ತಮ್ಮ ವಿಧೇಯ,
ಬೀರಯ್ಯ