ಒಯ್ರಿ ಅನ್ನೋ ಮಾತು

ಮಾಫ್ ಮಾಡ್ರಿ ಡಾಕ್ಟರ್ ಮೇಡಂ, ಆಗಿಂದು ನಡುವ ಕಟ್ ಆತು, ಮತ್ತ ಮೊದಲಿಂದ ಹೇಳ್ತೀನಿ. ನಾನು ಕಮಲಾಪುರದ ತುಕಾರಾಮ. ಮುಂದಿನ ಇಪ್ಪತ್ತೈದು ವರ್ಷಕ್ಕ ನಮ್ಮ ದವಾಖಾನಿ ಹ್ಯಾಂಗಿರಬೇಕಂತ ಕಲಬುರಗಿ ಮೀಟಿಂಗಿನಾಗ ಕೇಳಿದ್ರಲ್ಲ, ಅದಕ್ಕ ಈ ವಾಯ್ಸ್ ಮೆಸೇಜ್ ಕಳಸಾಕತ್ತೀನಿ.

ಮಷಿನ್ ಗಿಷಿನ್ ನೀವೇ ಬರಕೊಳ್ರಿ. ನನ್ನ ಹೆಂಡ್ತಿ ಶೇವಂತಾಗ ಇದೇ ದವಾಖಾನ್ಯಾಗ ಹೆರಿಗಿ ಆದಮ್ಯಾಲೆ ರಕ್ತ ನಿಲ್ಲಲಿಲ್ಲ. ಡಾಕ್ಟರ್ ಇಲ್ಲ, “ಕಲಬುರಗಿಗೆ ಒಯ್ರಿ” ಅಂದ್ರು ಸಿಸ್ಟರ್. ಒಯ್ರಿ ಅಂದ್ರ ನಮ್ಮ ಕಡಿ ಹೆಣ ಎತ್ತೋ ಮುಂದ ಅನ್ನೋ ಮಾತದು. “ಇನ್ನಾ ಜೀಂವ ಅದಾರೀ ಸಿಸ್ಟರ್” ಅಂತ ಆಕಿ ನಕ್ಕಳು. ದಾರ್ಯಾಗೇ ಹೋದಳು.

ನಿಮ್ಮ ಇಪ್ಪತ್ತೈದು ವರ್ಷ ನನಗ ಒಮ್ಮೆ ಮುಗದಾವ್ರೀ. ಆವತ್ತು ಹುಟ್ಟಿದ ಮಗಳು ಪಂಚಶೀಲಾ ಈಗ ಇಲ್ಲೇ ಒಳಗ ಹೆರಿಗಿಗೆ ಮಲಗ್ಯಾಳ. “ಇಲ್ಲೇ ಇರ್ಲಿ” ಅನ್ನೋ ಡಾಕ್ಟರ್ ಒಬ್ಬರು, ಒಂದಿಷ್ಟು ರಕ್ತ, ಇಷ್ಟು ಮೊದಲ ಬರೀರಿ.

ತಡೀರಿ, ಸಿಸ್ಟರ್ ಕರ್ಯಾಕತ್ತಾರ. ಒಯ್ರಿ ಅಂತಾರೋ, ಇರ್ಲಿ ಅಂತಾರೋ… ಬಂದೆ ಸಿಸ್ಟರ್! ಇಡ್ತೀನ್ರಿ ಮೇಡಂ, ಜೈ ಭೀಮ.