ಹಳದಿ ಟೋಪಿಯ ಹುಡುಗ ಸನ್ನೆ ಮಾರಲಿಲ್ಲ

ಲೀಗ್ ಆಯುಕ್ತರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ತನಿಖಾ ವರದಿಯ ಹದಿನಾಲ್ಕನೇ ಪುಟದಲ್ಲಿ ಒಂದು ಸುಳ್ಳಿದೆ. ಅದನ್ನು ನಿಮಗೆ ಒದಗಿಸಿದವಳು ನಾನೇ. ಹಾರ್ಗ್ರೋವ್ ಕಾಲೇಜಿನ ಫುಟ್‌ಬಾಲ್ ತಂಡದ ಸನ್ನೆಗಳು ಆ ತಂಡದ್ದೇ ಒಂದು ‘ಆಂತರಿಕ ಮೂಲ’ದಿಂದ ಹೊರಬಿದ್ದವು ಎಂದು ಅಲ್ಲಿ ಬರೆದಿದ್ದೀರಿ. ಆ ಒಂದು ಸಾಲನ್ನು ಹಿಡಿದು ಹಾರ್ಗ್ರೋವ್‌ನವರು ವೇಡ್ ಲಟ್ಟಿಮರ್ ಎಂಬ ಮೂರನೇ ವರ್ಷದ ಹುಡುಗನನ್ನು ತಂಡದಿಂದ ಹೊರಗೆ ಹಾಕಿದ್ದಾರೆ. ಕಾಲೇಜಿನಿಂದಲೂ ಹಾಕಬೇಕೇ ಎಂಬ ವಿಚಾರಣೆ ಬರುವ ಮಂಗಳವಾರ. ಅವನು ಯಾರಿಗೂ ಏನನ್ನೂ ಮಾರಿಲ್ಲ. ಇದನ್ನು ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ‘ಪ್ರಕರಣ ಮುಕ್ತಾಯವಾಗಿದೆ, ನಿಮ್ಮ ಆಸಕ್ತಿಗೆ ಧನ್ಯವಾದ’ ಎಂದು ಎರಡು ಸಲವೂ ಉತ್ತರ ಬಂತು. ಆದ್ದರಿಂದ ಈ ಪತ್ರ ನಮ್ಮ ಕಾಲೇಜು ಪತ್ರಿಕೆಯಲ್ಲಿ. ನನ್ನ ಆಸಕ್ತಿ ಇನ್ನೂ ಮುಕ್ತಾಯವಾಗಿಲ್ಲ, ಕ್ಷಮಿಸಿ.

ನಾನು ಮಿಲ್‌ಬ್ರೂಕ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿ. ಅಪ್ಪ ಅಮೆರಿಕದ ಒಹಾಯೊದವರು, ಅಮ್ಮ ಇಂಗ್ಲೆಂಡಿನವಳು. ಎಂಟನೇ ವಯಸ್ಸಿನಿಂದ ಬೆಳೆದದ್ದು ಇಂಗ್ಲೆಂಡಿನ ಒಂದು ಹಾಸ್ಟೆಲ್ ಶಾಲೆಯಲ್ಲಿ, ಮನುಷ್ಯರಿಗಿಂತ ಕುರಿಗಳೇ ಹೆಚ್ಚಿದ್ದ ಊರಿನಲ್ಲಿ. ಈ ಕಾಲೇಜಿಗೆ ಬಂದಾಗ ಸ್ನೇಹಿತರಿರಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಇಲ್ಲಿ ಫುಟ್‌ಬಾಲ್ ಎನ್ನುತ್ತಾರೆ; ಆ ತಂಡಕ್ಕೆ ನೀರಿನ ಬಾಟಲಿ ತುಂಬುವ ಸ್ವಯಂಸೇವಕರು ಬೇಕು ಎಂಬ ಚೀಟಿ ನೋಡಿ ಹೋದೆ. ಎರಡನೇ ವಾರ ಸಹಾಯಕ ಕೋಚ್ ರೆನ್ನಿ ಕರೆದರು.

“ಏ ಲಂಡನ್, ಇಲ್ಲಿ ಬಾ. ಶನಿವಾರ ಏನ್ ಮಾಡ್ತೀಯ?”

“ಏನೂ ಇಲ್ಲ, ಕೋಚ್. ನಾನು ಲಂಡನ್ನಿನವಳಲ್ಲ.”

“ಬಾಯಿ ತೆಗೆದ್ರೆ ಸಾಕು, ಲಂಡನ್ನೇ. ಅದೇ ಬೇಕಾಗಿರೋದು. ಹಾರ್ಗ್ರೋವ್ ಮ್ಯಾಚ್‌ಗೆ ಟಿಕೆಟ್ ಇದೆ, ಹೋಗು. ಚೆಂಡು ನೋಡ್ಬೇಡ. ಮೈದಾನದ ಅಂಚಲ್ಲಿ ಟೋಪಿ ಹಾಕ್ಕೊಂಡು ಮೂರು ಜನ ಕೈ ಆಡಿಸಿ, ಮುಂದಿನ ನಡೆ ಏನು ಅಂತ ಆಟಗಾರರಿಗೆ ಸನ್ನೆ ಮಾಡ್ತಿರ್ತಾರೆ, ಅವರನ್ನ ಫೋನಲ್ಲಿ ತೆಗಿ. ಯಾರಾದ್ರೂ ಕೇಳಿದ್ರೆ, ಊರಲ್ಲಿರೋ ಅಜ್ಜಿಗೆ ಕಳಿಸ್ತೀನಿ ಅನ್ನು.”

ಮುಂದೆ ಎದುರಾಗಲಿರುವ ತಂಡದ ಆಟಕ್ಕೆ ಜನರನ್ನು ಕಳಿಸಿ ಚಿತ್ರ ತೆಗೆಸುವುದು ನಿಷಿದ್ಧ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು. ಸ್ವಯಂಸೇವಕರ ಕೈಪಿಡಿಯನ್ನು ಪೂರ್ತಿ ಓದಿದ್ದವಳು ಇಡೀ ಗುಂಪಿನಲ್ಲಿ ಬಹುಶಃ ನಾನೊಬ್ಬಳೇ. ಆದರೂ ಹೋದೆ, ಏಕೆಂದರೆ ಈ ದೇಶದಲ್ಲಿ ಮೊದಲ ಸಲ ಯಾರೋ ನನ್ನನ್ನು ಹೆಸರಿಟ್ಟು ಕರೆದಿದ್ದರು, ಆ ಹೆಸರು ತಪ್ಪಾಗಿದ್ದರೂ.

ಗ್ಯಾಲರಿಯಲ್ಲಿ ಪಕ್ಕದ ಸೀಟಿನ ಹೆಂಗಸು ಎದೆಯ ಮೇಲೆ ಮಗನ ಫೋಟೋ ಇರುವ ತಟ್ಟೆಯಷ್ಟಗಲದ ಬಿಲ್ಲೆ ಚುಚ್ಚಿಕೊಂಡಿದ್ದರು. ಇಲ್ಲಿ ಆಟಗಾರರ ತಾಯಂದಿರೆಲ್ಲ ಹಾಗೆಯೇ ಬರುತ್ತಾರೆ. ಅವರು ಡಾರ್ಲಾ ಲಟ್ಟಿಮರ್. ನಾನು “ಕ್ಷಮಿಸಿ” ಎಂದು ದಾಟಿದ್ದೇ ತಡ, ಹಿಡಿದುಕೊಂಡರು.

“ಎಲ್ಲಿಯವಳಮ್ಮ ನೀನು? ಇಂಗ್ಲೆಂಡಾ? ಅಯ್ಯೋ ಪಾಪ, ಹಾಗಾದ್ರೆ ಇಲ್ಲೇನಾಗ್ತಿದೆ ಅಂತ ಒಂದಕ್ಷರ ತಿಳಿಯಲ್ಲ ನಿಂಗೆ. ಕೂತ್ಕೋ, ನಾನು ಹೇಳ್ತೀನಿ.”

ಫುಟ್‌ಬಾಲ್ ತಿಳಿಯದವರನ್ನು ಹಾಗೇ ಬಿಟ್ಟುಬಿಡುವುದು ಈ ಜನರಿಗೆ ಸಾಧ್ಯವಿಲ್ಲ. ಹಸಿದವರನ್ನು ಕಂಡಂತೆ ಮಾಡುತ್ತಾರೆ. ಫ್ಲಾಸ್ಕಿನಿಂದ ಬಿಸಿ ಸೇಬಿನ ರಸ ಬಗ್ಗಿಸಿ ಕೊಟ್ಟರು. ನನ್ನ ಮಂಡಿಯ ಮೇಲೂ ಕಂಬಳಿ ಎಳೆದರು. ನಾನು ಫೋನ್ ಎತ್ತಿ ಹಿಡಿದಾಗ ತಮ್ಮ ಕೈಯಿಂದಲೇ ಅದನ್ನು ತಿರುಗಿಸಿದರು.

“ಅಲ್ಲಿ ತೆಗಿ, ಹಳದಿ ಟೋಪಿ. ಅವನೇ ನನ್ ಮಗ ವೇಡ್. ಮೂರು ವರ್ಷ ಆಯ್ತು, ಒಂದು ನಿಮಿಷನೂ ಆಡಿಸಿಲ್ಲ ಅವನನ್ನ. ನೋಡಿದವರೆಲ್ಲ, ನಿಮ್ಮ ಹುಡುಗ ಬರೀ ಬೆಂಚು ಬಿಸಿ ಮಾಡ್ತಾನೆ ಅಂತಾರೆ. ಅವರಿಗೇನು ಗೊತ್ತು? ಮೂರು ಜನ ಕೈ ಆಡಿಸ್ತಾರಲ್ಲ, ಇಬ್ಬರದು ನಾಟಕ. ಇವನದು ನಿಜ. ಇವನು ಕೈ ಎತ್ತದೆ ಆ ಹನ್ನೊಂದು ಜನ ಅಲ್ಲಾಡೋ ಹಾಗಿಲ್ಲ.”

ಮಾನ್ಯರೇ, ನಿಮ್ಮ ‘ಆಂತರಿಕ ಮೂಲ’ ಇದು. ಒಂದು ಲೋಟ ಸೇಬಿನ ರಸ, ಮಗನನ್ನು ಯಾರೂ ಗಮನಿಸುವುದಿಲ್ಲ ಎಂಬ ತಾಯಿಯ ಸಂಕಟ.

ಮೂರು ವಾರದ ನಂತರ ಹಾರ್ಗ್ರೋವ್ ನಮ್ಮ ಮೈದಾನಕ್ಕೆ ಬಂತು. “ಹಳದಿ ನೋಡ್ರೋ, ಹಳದಿ ಒಂದೇ ನೋಡಿ” ಎಂದು ರೆನ್ನಿ ಕೂಗುತ್ತಿದ್ದರು. ಚೆಂಡು ಎಸೆಯುವ ಅವರ ಹುಡುಗ ಯಾವ ಕಡೆ ತಿರುಗುತ್ತಾನೆಂದು ಅವನಿಗಿಂತ ಮೊದಲೇ ನಮ್ಮವರಿಗೆ ತಿಳಿದಿರುತ್ತಿತ್ತು. ಒಂಬತ್ತು ಸಲ ಬೀಳಿಸಿದರು. ಒಂಬತ್ತನೆಯ ಸಲ ಅವನ ಮಂಡಿ ತಿರುಗಬಾರದ ಕಡೆಗೆ ತಿರುಗಿತು. ಅವನಿನ್ನು ಆಡುವುದಿಲ್ಲವಂತೆ. ಅವನು ವೇಡ್‌ನ ಕೋಣೆಯ ಜೊತೆಗಾರ. ನಾನು ಬಾಟಲಿ ಹಿಡಿದು ನಿಂತಿದ್ದೆ. ನನ್ನ ಪಕ್ಕದವರು ಚಪ್ಪಾಳೆ ಹೊಡೆಯುತ್ತಿದ್ದರು, ನಾನೂ ಹೊಡೆದೆ.

ಹಾರ್ಗ್ರೋವ್‌ನವರ ದೂರಿನ ಮೇಲೆ ನಿಮ್ಮ ತನಿಖಾಧಿಕಾರಿ ಬಂದು, ನನ್ನ ಫೋನಿನ ಚಿತ್ರಗಳನ್ನು ನೋಡಿ ಕೇಳಿದರು: ಮೂವರಲ್ಲಿ ನಿಜವಾದವನು ಯಾರೆಂದು ನಿನಗೆ ಹೇಳಿದವರು ಯಾರು? “ಅವರ ಕಡೆಯವರೊಬ್ಬರು” ಎಂದೆ. ಹೆಸರು ಕೇಳಿದರು. ಹೇಳಲಿಲ್ಲ. ನಾನು ಬೆಳೆದ ಹಾಸ್ಟೆಲಿನಲ್ಲಿ ಕದ್ದವಳಿಗೆ ಒಂದು ವಾರ ಶಿಕ್ಷೆಯಾದರೆ, ಕದ್ದವಳ ಹೆಸರು ಹೇಳಿದವಳೊಂದಿಗೆ ವರ್ಷವಿಡೀ ಯಾರೂ ಮಾತನಾಡುತ್ತಿರಲಿಲ್ಲ. ಹೆಸರು ನುಂಗುವುದನ್ನೇ ಮರ್ಯಾದೆ ಎಂದು ಕಲಿತವಳು ನಾನು. ಆ ಹೆಂಗಸನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೆ. ‘ಕಡೆಯವರು’ ನಿಮ್ಮ ಕಚೇರಿಯಲ್ಲಿ ‘ಆಂತರಿಕ ಮೂಲ’ವಾಯಿತು, ಆಂತರಿಕ ಮೂಲಕ್ಕೆ ಹಾರ್ಗ್ರೋವ್‌ನವರು ಹಳದಿ ಟೋಪಿ ಹಾಕಿದರು.

ನಿಮ್ಮ ನಿಯಮಪುಸ್ತಕವನ್ನು ಆಮೇಲೆ ಓದಿದೆ. ಎದುರಾಳಿಯ ಸನ್ನೆಯನ್ನು ಪಂದ್ಯದ ನಡುವೆ ಕಣ್ಣಿನಿಂದ ಕದಿಯಬಹುದು, ಅದು ಜಾಣತನ. ಟೀವಿಯಲ್ಲಿ ಬಂದದ್ದನ್ನು ನೋಡಿ ಕದಿಯಬಹುದು, ಅದು ಪೂರ್ವಸಿದ್ಧತೆ. ಟಿಕೆಟ್ ಹಿಡಿದು ಸೀಟಿನಲ್ಲಿ ಕೂತು ಕದ್ದರೆ ಮಾತ್ರ ಅಪರಾಧ. ಹಾಗಾದರೆ ನೀವು ಕಾಯುತ್ತಿರುವುದು ಏನನ್ನು, ಸೀಟನ್ನೇ? ಎದುರಿಗೆ ನಿಂತು ನನ್ನ ಕಣ್ಣು ಓದಿದವನ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅವನ ಕಣ್ಣು ಓದಬಹುದಲ್ಲ. ಆದರೆ ನನ್ನನ್ನು ಕಳಿಸಿದ್ದು ಯಾರೂ ಅನುಮಾನಿಸದ ದನಿಯಿದೆ ಎಂಬ ಕಾರಣಕ್ಕೆ. ಕದಿಯಲು ಹೋದದ್ದು ಸನ್ನೆ, ಬಳಸಿಕೊಂಡದ್ದು ಪರಿಚಯವಿಲ್ಲದವರ ಒಳ್ಳೆಯತನ. ಅದಕ್ಕೆ ನಿಮ್ಮ ಪುಸ್ತಕದಲ್ಲಿ ಒಂದು ಕಲಮೂ ಇಲ್ಲ. ‘ವಿದ್ಯಾರ್ಥಿನಿಯೊಬ್ಬಳ ಅತಿಯುತ್ಸಾಹ; ಯಾವ ಕೋಚ್‌ಗೂ ತಿಳಿದಿರಲಿಲ್ಲ’ ಎಂದು ಬರೆದಿದ್ದೀರಿ. ಆ ಪಂದ್ಯಕ್ಕೆ ಮೂರು ವಾರ ಮೊದಲು ‘ಹುಕ್ಕು’ ಎಂದರೆ ಮೀನಿನ ಗಾಳ ಎಂದು ಮಾತ್ರ ತಿಳಿದಿದ್ದ, ಅದು ಈ ಆಟದ ಒಂದು ಓಟದ ಹೆಸರೆಂದು ತಿಳಿಯದಿದ್ದ ನಾನು, ಐವತ್ತು ಸನ್ನೆಗಳನ್ನು ಒಬ್ಬಳೇ ಬಿಡಿಸಿದೆನೇ? ರೆನ್ನಿ ಈ ಶನಿವಾರ ನಮ್ಮ ತಂಡದೊಂದಿಗೆ ಫೈನಲ್‌ಗೆ ಹೋಗುತ್ತಿದ್ದಾರೆ. ಶುಭವಾಗಲಿ.

ಕಳೆದ ಭಾನುವಾರ ಬಸ್ಸು ಹತ್ತಿ ಡಾರ್ಲಾ ಅವರ ಮನೆಗೆ ಹೋದೆ. ನನ್ನನ್ನು ನೋಡಿ ಮೊದಲು ನಕ್ಕರು. “ಬಾ ಒಳಗೆ, ಏನಮ್ಮ, ಆಟ ಕಲಿತ್ಯಾ?” ಅಡುಗೆಮನೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಅವರು ಒಲೆ ಆರಿಸಿದರು. ಕೂತರು.

“ನಿಜವಾದ ಸನ್ನೆ ತನ್ನದು ಅಂತ ತಂಡದ ಹೊರಗೆ ವೇಡ್ ಹೇಳಿದ್ದು ನಂಗೊಬ್ಬಳಿಗೇ. ಗೆಳೆಯರಿಗೂ ಹೇಳಿರ್ಲಿಲ್ಲ.”

“ಹಾಗಂದರೆ?” ಎಂದೆ.

“ಅಂದ್ರೆ ಅವನಿಗೆ ಮೊದಲಿಂದ್ಲೂ ಗೊತ್ತು,” ಎಂದರು. “ನಾನೇ ಎಲ್ಲೋ ಬಾಯಿ ಬಿಟ್ಟಿದ್ದೀನಿ ಅಂತ. ಅದಕ್ಕೇ ಯಾರು ಕೇಳಿದ್ರೂ ಸುಮ್ಮನಿದ್ದಾನೆ. ನಾನು ದಿನಾ ಫೋನ್ ಮಾಡಿ, ನಿಜ ಹೇಳೋ, ಮಾರಿದ್ಯೇನೋ, ಅಂತ ಅವನನ್ನೇ ಬೈತಿದ್ದೆ.”

ಕ್ಷಮೆ ಕೇಳಿದೆ. ಅವರು ಕೈ ಅಡ್ಡ ಹಿಡಿದರು.

“ಅದೆಲ್ಲ ಬೇಡ. ಬರಿ. ನನ್ ಹೆಸರು ಹಾಕಿ ಬರಿ. ಆಮೇಲೆ ಈ ಕಡೆ ಬರ್ಬೇಡ.”

ಅವರ ಹೆಸರು ಹಾಕಿದ್ದೇನೆ. ಇನ್ನು ನಿಮ್ಮ ಕೆಲಸ. ಮಂಗಳವಾರಕ್ಕೆ ಮುನ್ನ ಹದಿನಾಲ್ಕನೇ ಪುಟದ ಆ ಸಾಲನ್ನು ತೆಗೆದು, ತೆಗೆದಿದ್ದೇವೆಂದು ಹಾರ್ಗ್ರೋವ್‌ನ ವಿಚಾರಣಾ ಸಮಿತಿಗೆ ಲಿಖಿತವಾಗಿ ತಿಳಿಸಿ. ನನ್ನ ಹೇಳಿಕೆಯನ್ನು ಪ್ರಮಾಣ ಮಾಡಿಸಿ ಮತ್ತೆ ದಾಖಲಿಸಿ. ರೆನ್ನಿಯವರ ಎದುರಿಗೇ ಹೇಳುತ್ತೇನೆ. ನನ್ನನ್ನು ಕಾಲೇಜಿನಿಂದ ತೆಗೆಯುವುದಾದರೆ ಆಮೇಲೆ ತೆಗೆಯಿರಿ. ಮೊದಲು ಆ ಹುಡುಗ ತನ್ನ ತಾಯಿಗಾಗಿ ಸುಮ್ಮನಿರುವ ಅಗತ್ಯವಿಲ್ಲ ಎಂದು ಅವನಿಗೆ ನಿಮ್ಮ ಕಡೆಯಿಂದಲೂ ಯಾರಾದರೂ ಹೇಳಬೇಕು. ನಾನು ಕರೆ ಮಾಡಿದರೆ ಅವನು ಫೋನ್ ಎತ್ತುತ್ತಿಲ್ಲ.

ಇಂತಿ,
ಬಾಯಿ ತೆರೆಯಬೇಕಾದಾಗ ಮುಚ್ಚಿಕೊಂಡಿದ್ದ,
ಟ್ಯಾಮ್ಸಿನ್ ಕ್ರೌಸ್
ಮೊದಲ ವರ್ಷ, ಮಿಲ್‌ಬ್ರೂಕ್