ಹದಿನೇಳನೇ ಪಾಠ, ಎರಡನೇ ಸಲ

ಭಾನುವಾರ, ೧೪ನೇ ತಾರೀಖು

ಮೇಷ್ಟ್ರಿಗೆ ನಮಸ್ಕಾರ.

ಹೀಗೆ ಕರೆದದ್ದು ಕುಹಕಕ್ಕಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹೆಂಗಸರೆಲ್ಲ ನಿಮ್ಮನ್ನು ಹಾಗೆಯೇ ಕರೆಯುತ್ತಾರೆ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿದೆ. ಒಂದು ಕಾಲದಲ್ಲಿ ‘ರೀ’ ಎನ್ನುತ್ತಿದ್ದೆ ನಿಜ. ಮನೆ ಬಿಟ್ಟು ಮೂರು ವರ್ಷವಾದ ಮೇಲೆ ಹಾಗೆ ಶುರು ಮಾಡುವುದು ಸರಿ ಕಾಣಲಿಲ್ಲ.

ನೀವು ಫೋನಿನಲ್ಲಿ ಹೇಳುವ ಗಣಿತದ ನಲವತ್ತೆರಡನೇ ಪಾಠದ ಕೊನೆಯಲ್ಲಿ ಕೇಳಿಕೊಂಡಿರಲ್ಲ, ಅದಕ್ಕೆ ಈ ಕಾಗದ. ಶುರು ಮಾಡಿದವರು ನಾಲ್ಕು ಸಾವಿರ ಜನ, ಕೊನೆಯವರೆಗೂ ನೋಡಿದವರು ನೂರ ಎಪ್ಪತ್ತು, ನಾನು ಯಾರಿಗೆ ಪಾಠ ಹೇಳುತ್ತಿದ್ದೇನೋ ನನಗೇ ಗೊತ್ತಿಲ್ಲ, ಉಪಯೋಗವಾಗಿದ್ದರೆ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸುತ್ತೇನೆ ಎಂದಿರಿ. ನೂರ ಎಪ್ಪತ್ತು ಜನರಲ್ಲಿ ನಾನೊಬ್ಬಳು. ವಿಳಾಸ ಹುಡುಕುವ ಕಷ್ಟವಿರಲಿಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ನನಗೆ ಕೆಮ್ಮು ಹಿಡಿಯಿತು. ಒಗೆಯುವ ಕೋಣೆಯ ಬಿಸಿ ಹಬೆ, ಬ್ಲೀಚಿನ ವಾಸನೆ, ಒಣಗಿದ ಚಾದರ ಕೊಡವಿದಾಗ ಏಳುವ ನೂಲಿನ ಧೂಳು, ಎಲ್ಲ ಸೇರಿ ಎದೆಯಲ್ಲಿ ಗೂಡು ಕಟ್ಟಿದ್ದವು. ಡಾಕ್ಟರು ಆ ಕೋಣೆಯಿಂದ ಹೊರಗೆ ಬಾ ಎಂದರು. ಹೊರಗೆ ಬರಲು ಇದ್ದದ್ದು ಒಂದೇ ದಾರಿ, ಉಪಕರಣ ಕೋಣೆ. ಆಪರೇಷನ್ನಿಗೆ ಬಳಸುವ ಕತ್ತರಿ, ಚಿಮಟಗಳನ್ನು ಶುದ್ಧಿ ಮಾಡಿ ಕಟ್ಟಿಡುವ ಜಾಗ ಅದು. ತಣ್ಣಗಿರುತ್ತದೆ. ಆದರೆ ಅಲ್ಲಿಗೆ ಹತ್ತನೇ ತರಗತಿ ಪಾಸಾಗಿರಬೇಕು. ನಾನು ಗಣಿತದಲ್ಲಿ ಫೇಲಾದವಳು ಎಂಬುದು ನಿಮಗೆ ಹೊಸದಲ್ಲ.

ನನ್ನ ಹಾಗೆ ಎಂಟು ಜನ ಸಿಕ್ಕಿದೆವು. ಮೇಲ್ವಿಚಾರಣೆಯ ಸಿಸ್ಟರ್ ಎಲ್ಲರ ಫೋನಿಗೂ ಪಾಠಗಳನ್ನು ಹಾಕಿಸಿಕೊಟ್ಟರು. ಮಡಿಸಿದ ಬಟ್ಟೆ ಇಡುವ ಕೋಣೆಯಲ್ಲಿ, ಚಹಾದ ಬಿಡುವಿನಲ್ಲಿ, ಒಂದು ಫೋನನ್ನು ದಿಂಬಿನ ರಾಶಿಗೆ ಒರಗಿಸಿ ಮೊದಲ ಪಾಠ ಹಚ್ಚಿದೆವು. ಪಾಠದಲ್ಲಿ ಮುಖ ಕಾಣುವುದಿಲ್ಲ, ಬಿಳಿ ಹಲಗೆ ಮತ್ತು ಒಂದು ಕೈ ಮಾತ್ರ. ಆ ಕೈ ಏಳರ ಅಂಕಿ ಬರೆದು ಅದರ ನಡುವೆ ಒಂದು ಅಡ್ಡಗೆರೆ ಎಳೆಯಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ನೀವೆಂದು ತಿಳಿಯಲು ಹೆಸರು ಬೇಕಾಗಲಿಲ್ಲ.

ಎದ್ದು ಹೋಗಬೇಕೆನ್ನಿಸಿತು. ಕೆಮ್ಮು ಬಂತು. ಕುಳಿತೆ.

ನಿಮಗೆ ಬೇಕಾದ ವಿಷಯಕ್ಕೆ ಬರುತ್ತೇನೆ: ಫೋನಿನಲ್ಲಿ ಕಲಿಯುವುದರಿಂದ ಏನಾದರೂ ಆಗುತ್ತದೆಯೇ? ಆಗುತ್ತದೆ. ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ. ನಮ್ಮಲ್ಲಿ ಒಬ್ಬಳಿದ್ದಾಳೆ, ರೇಡಿಯೋ ಎಂದು ಕರೆಯುತ್ತೇವೆ, ಬಾಯಿಗೆ ಬಿಡುವಿಲ್ಲ. ಪಾಠ ಮುಗಿದರೆ ಪರದೆಯ ಮೇಲೆ ಒಂದು ನಕ್ಷತ್ರ ಬರುತ್ತದಲ್ಲ, ಅವಳಿಗೆ ಅದರ ಹುಚ್ಚು ಹಿಡಿಯಿತು. ಮೊದಲ ತಿಂಗಳು ನಮ್ಮನ್ನೆಲ್ಲ ಹುರಿದುಂಬಿಸಿ ಕೂರಿಸಿದವಳೇ ಅವಳು. ಎರಡನೇ ತಿಂಗಳಿಗೆ ಪಾಠವನ್ನು ಓಡಲು ಬಿಟ್ಟು ಫೋನನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಇಸ್ತ್ರಿ ಮಾಡತೊಡಗಿದಳು. ನೀವು ಅವಳ ಸೊಂಟದ ಹತ್ತಿರ ತ್ರಿಭುಜದ ವಿಸ್ತೀರ್ಣ ಹೇಳುತ್ತಿದ್ದಿರಿ, ಅವಳು ನನಗೆ ಸಿಸ್ಟರ್ ಮನೆಯ ಸುದ್ದಿ ಹೇಳುತ್ತಿದ್ದಳು. ನಕ್ಷತ್ರ ಮಾತ್ರ ತಪ್ಪದೆ ಬೀಳುತ್ತಿತ್ತು.

ಇನ್ನೊಬ್ಬರು ಅಜ್ಜಿ. ಮೂರು ಮೊಮ್ಮಕ್ಕಳಿದ್ದಾರೆ, ವಯಸ್ಸು ಐವತ್ತೆರಡೇ. ಗಾಜು ಒಡೆದ ಫೋನು ಅವರದು. ಸೊನ್ನೆ ಯಾವುದು ಎಂಟು ಯಾವುದು ಕಾಣದು. ಆದರೂ ಒಂದೊಂದು ಪಾಠವನ್ನು ಮೂರು ಸಲ ನೋಡಿ, ಹಳೆಯ ಲಾಂಡ್ರಿ ಚೀಟಿಗಳ ಹಿಂಬದಿಯಲ್ಲಿ ಬರೆದು ಬರೆದು ಒಂದು ಕಟ್ಟು ಮಾಡಿದರು. ಯಾಕಷ್ಟು ಸಲ ಎಂದು ಕೇಳಿದ್ದಕ್ಕೆ, “ಈ ಮೇಷ್ಟ್ರು ಎಷ್ಟು ಸಲ ಕೇಳಿದ್ರೂ ಬೈಯಲ್ಲ ಕಣಮ್ಮ, ಅದಕ್ಕೇ ಕೇಳ್ತೀನಿ” ಎಂದರು.

ನಾನು ಹೇಗೆ ಕಲಿತೆ ಎಂಬುದನ್ನೂ ಬರೆಯಬೇಕು. ನಿಮ್ಮನ್ನು ನಿಲ್ಲಿಸಿ ಕಲಿತೆ. ಅರ್ಥವಾಗದಿದ್ದಾಗ ಬೆರಳಿಟ್ಟು ನಿಲ್ಲಿಸುತ್ತಿದ್ದೆ, ಹಿಂದಕ್ಕೆ ಎಳೆಯುತ್ತಿದ್ದೆ, ಹೇಳಿದ್ದನ್ನೇ ಮತ್ತೆ ಹೇಳಿಸುತ್ತಿದ್ದೆ. ನಾಲ್ಕನೇ ಸಲವೂ ನಿಮ್ಮ ದನಿ ಮೊದಲಿನಷ್ಟೇ ಶಾಂತವಾಗಿರುತ್ತಿತ್ತು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ನಿಮಗೆ ಪಾಠ ಹೇಳಲು ಸಿಕ್ಕಿದವಳು ನಾನೊಬ್ಬಳೇ. ಅಲ್ಲಿ ಎರಡನೇ ಸಲ ಕೇಳುವ ಧೈರ್ಯ ನನಗಿರಲಿಲ್ಲ.

ಈಗ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಪಾಠದ ಕೆಳಗೆ ಪ್ರಶ್ನೆ ಬರೆಯಲು ಜಾಗವಿದೆ. ಹದಿನೇಳನೇ ಪಾಠದ ಕೆಳಗೆ ‘ಚಾದರ’ ಎಂಬ ಹೆಸರಿನಲ್ಲಿ ಒಬ್ಬರು ಕೇಳಿದ್ದು ನಿಮಗೆ ನೆನಪಿರಬಹುದು. ಒಂದು ಲೋಟ ಬ್ಲೀಚಿಗೆ ಒಂಬತ್ತು ಲೋಟ ನೀರು ಎಂದು ಹಲಗೆಯ ಮೇಲೆ ಬರೆದು, ಆಮೇಲೆ ಹತ್ತರಲ್ಲಿ ಒಂದು ಪಾಲು ಎಂದು ಓದಿದಿರಿ. ಒಂಬತ್ತು ಇದ್ದದ್ದು ಹತ್ತು ಹೇಗಾಯಿತು? ಅದು ನಾನು.

ಅದೇ ಪ್ರಶ್ನೆಯನ್ನು ನಿಮ್ಮಲ್ಲಿ ಮೊದಲೂ ಒಮ್ಮೆ ಕೇಳಿದ್ದೆ. ನೆಲ ಒರೆಸುವ ಫಿನಾಯಿಲ್ ಬಾಟಲಿ ಹಿಡಿದು, ನಡುಮನೆಯಲ್ಲಿ. ನಿಮ್ಮ ಶಾಲೆಯ ಮೂವರು ಕುಳಿತಿದ್ದರು. “ಬಾಟಲಿ ಮೇಲೆ ಬರೆದಿರೋದು ಓದೋಕೂ ಇವಳಿಗೆ ಒಬ್ಬ ಮೇಷ್ಟ್ರು ಬೇಕು ನೋಡ್ರಿ” ಎಂದಿರಿ. ಅವರು ನಕ್ಕರು. ನಾನೂ ನಕ್ಕೆ. ನಾನು ಮನೆ ಬಿಟ್ಟದ್ದು ಅದೊಂದಕ್ಕೇ ಅಲ್ಲ, ಆದರೆ ಆವತ್ತಿನಿಂದ ಮನೆಯಲ್ಲಿ ಏನನ್ನೂ ಕೇಳುವುದನ್ನು ಬಿಟ್ಟೆ.

‘ಚಾದರ’ಕ್ಕೆ ನೀವು ಕೊಟ್ಟ ಉತ್ತರ ಬೇರೆ. “ಕೇಳಿದ್ದು ಒಳ್ಳೇದಾಯ್ತು. ನಿಮಗೆ ಗೊತ್ತಾಗಿಲ್ಲ ಅಂದ್ರೆ ನಾನು ಹೇಳಿದ ರೀತಿ ಸರಿಯಿಲ್ಲ. ಈ ಪಾಠ ಮತ್ತೆ ಮಾಡ್ತೀನಿ” ಎಂದು ಬರೆದಿದ್ದಿರಿ. ಅದನ್ನು ಓದಿ ಫೋನನ್ನು ಬೋರಲು ಇಟ್ಟು ದಿಂಬಿನ ಕವರು ಎಣಿಸಲು ನಿಂತೆ. ಎರಡು ಸಲ ಎಣಿಕೆ ತಪ್ಪಿತು. ಮೂರು ದಿನದ ಮೇಲೆ ಹೊಸ ಹದಿನೇಳನೇ ಪಾಠ ಬಂತು. ಒಂದು ಲೋಟ ಬಣ್ಣದ ನೀರು, ಒಂಬತ್ತು ಲೋಟ ಬರಿಯ ನೀರು ಸಾಲಾಗಿ ಇಟ್ಟು, ಎಲ್ಲವನ್ನೂ ಒಂದೇ ಬಕೆಟಿಗೆ ಸುರಿದು, “ಈಗ ಒಟ್ಟು ಎಷ್ಟು ಲೋಟ ಆಯ್ತು, ನೀವೇ ಹೇಳಿ” ಎಂದು ಕೇಳಿದಿರಿ. ಎಂಟು ಜನವೂ ಒಟ್ಟಿಗೆ ಹತ್ತು ಎಂದೆವು. ರೇಡಿಯೋ, “ಇವರ ಹೆಂಡ್ತಿ ಪುಣ್ಯ ಮಾಡಿರಬೇಕು ಕಣಕ್ಕಾ, ಏನ್ ತಾಳ್ಮೆ!” ಎಂದಳು. ಇರಬಹುದು ಎಂದು ನಾನು ಚಾದರದ ಇನ್ನೊಂದು ತುದಿ ಹಿಡಿದುಕೊಂಡೆ.

ಬಹಳ ದಿನ ಇದನ್ನು ಯೋಚಿಸಿದ್ದೇನೆ. ಒಳ್ಳೆಯ ಮೇಷ್ಟ್ರಾಗಲು ನಿಮಗೆ ನನ್ನ ಮುಖ ಕಾಣದಿರಬೇಕಾಗಿತ್ತು. ಕಲಿಯಲು ನನಗೆ ನಿಮ್ಮನ್ನು ನಿಲ್ಲಿಸುವ ಗುಂಡಿ ಬೇಕಾಗಿತ್ತು. ಇದರಲ್ಲಿ ಯಾರನ್ನು ದೂರಬೇಕೋ ತಿಳಿಯದು. ದೂರುವ ಆಸೆಯೂ ಈಗ ಉಳಿದಿಲ್ಲ.

ಗಣಿತ ಪರೀಕ್ಷೆಯ ಫಲಿತಾಂಶ ಹೋದ ವಾರ ಬಂತು. ಎಂಟರಲ್ಲಿ ಐದು ಜನ ಪಾಸು. ನನಗೆ ಎಪ್ಪತ್ತೊಂದು. ಅಜ್ಜಿ ಅಂಚಿನಲ್ಲಿ ದಾಟಿದರು, ಮೂವತ್ತಾರು; ಚೀಟಿಗಳ ಕಟ್ಟನ್ನು ಎದೆಗೆ ಅವುಚಿಕೊಂಡು ವಾರ್ಡಿನಿಂದ ವಾರ್ಡಿಗೆ ಹೇಳಿಕೊಂಡು ಬಂದರು. ರೇಡಿಯೋಗೆ ಹತ್ತೊಂಬತ್ತು. ಇಸ್ತ್ರಿ ಮೇಜಿನ ಪಕ್ಕ ನೆಲದ ಮೇಲೆ ಕೂತು, “ನಕ್ಷತ್ರ ಎಲ್ಲಾ ನನ್ನ ಹತ್ರಾನೇ ಇತ್ತಲ್ಲಕ್ಕಾ, ಮಾರ್ಕ್ಸ್ ಎಲ್ಲಿ ಹೋಯ್ತು?” ಎಂದು ಅತ್ತಳು. ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ.

ಮಾರನೇ ದಿನ ನಿಮ್ಮ ಕೊನೆಯ ಪಾಠ ನೋಡಿದಾಗ ದಿಗಿಲು ಬಿದ್ದವಳೂ ಅವಳೇ. “ಮೇಷ್ಟ್ರು ನಿಲ್ಲಿಸಿಬಿಟ್ರೆ ಮರುಪರೀಕ್ಷೆಗೆ ನಾನೇನು ಮಾಡ್ಲಿ? ಅಕ್ಕಾ, ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ” ಎಂದು ಬೆನ್ನು ಹತ್ತಿದಳು. ನೀವು ನನಗೆ ಏನಾಗಬೇಕು ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಆದ್ದರಿಂದ ನಿಲ್ಲಿಸಬೇಡಿ. ಬಿಟ್ಟುಹೋದ ಸಾವಿರಾರು ಜನರನ್ನು ಎಣಿಸುತ್ತ ಕೂರಬೇಡಿ. ಅವರಲ್ಲಿ ಎಷ್ಟು ಜನಕ್ಕೆ ಬಿಡುವೇ ಸಿಗಲಿಲ್ಲವೋ ಯಾರಿಗೆ ಗೊತ್ತು. ನಮ್ಮ ಚಹಾದ ಬಿಡುವು ಕಾಲು ಗಂಟೆ, ನಿಮ್ಮ ಪಾಠ ಇಪ್ಪತ್ತು ನಿಮಿಷ. ಹತ್ತಕ್ಕೆ ಇಳಿಸಿದರೆ ಉಪಕಾರ. ಆ ನಕ್ಷತ್ರ ತೆಗೆಸಲು ಸಾಧ್ಯವಿದ್ದರೆ ತೆಗೆಸಿ. ನಡುನಡುವೆ, ಫೋನು ಕೆಳಗಿಟ್ಟು ಈ ಲೆಕ್ಕ ಬರೆಯಿರಿ ಎಂದು ಗದರಿ. ಫೋನಿನಲ್ಲಿ ನೀವು ಗದರಿದರೆ ನಮಗೆ ಹೆದರಿಕೆಯಿಲ್ಲ.

ಒಂದನೇ ತಾರೀಖಿನಿಂದ ನಾನೂ ಅಜ್ಜಿಯೂ ಉಪಕರಣ ಕೋಣೆಗೆ ಹೋಗುತ್ತೇವೆ. ಚಹಾದ ಬಿಡುವಿನಲ್ಲಿ ರೇಡಿಯೋ ಜೊತೆ ಕೂರುವುದನ್ನು ಮಾತ್ರ ಬಿಡುವುದಿಲ್ಲ. ಈ ಸಲ ಅವಳ ಫೋನು ಜೇಬಿಗೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆ.

ಇಂತಿ,
ಒಂದರಿಂದ ನಲವತ್ತೆರಡರವರೆಗೆ ಎಲ್ಲ ಪಾಠ ನೋಡಿದ
ನಿಮ್ಮ ವಿದ್ಯಾರ್ಥಿನಿ

ಮರೆತಿದ್ದೆ: ನಿಮ್ಮ ವಕೀಲರು ಕಳುಹಿಸಿದ ವಿಚ್ಛೇದನದ ಕಾಗದಗಳು ಇದೇ ಲಕೋಟೆಯಲ್ಲಿವೆ. ಬೆರಳು ತೋರಿಸಿದ ಕಡೆ ಸಹಿ ಹಾಕುವ ಅಭ್ಯಾಸ ಬಿಟ್ಟಿದ್ದೇನೆ, ಹಾಗಾಗಿ ಪೂರ್ತಿ ಓದಲು ಎರಡು ದಿನ ಹಿಡಿಯಿತು. ಎರಡನೇ ಪುಟದಲ್ಲಿ ನಾವು ಕೂಡಿ ಬಾಳಿದ್ದು ಹದಿನಾಲ್ಕು ವರ್ಷ ಎಂದಿದೆ. ಅದು ತಪ್ಪು, ನಾನು ಮನೆ ಬಿಟ್ಟ ಮೇಲಿನ ಮೂರು ವರ್ಷ ಕಳೆದರೆ ಹನ್ನೊಂದು. ತಿದ್ದಿ, ಅದರ ಪಕ್ಕದಲ್ಲೂ ಸಹಿ ಮಾಡಿದ್ದೇನೆ. ನೀವೂ ಒಮ್ಮೆ ಕೂಡಿ ನೋಡಿ.